ಬೋಡಪ್ಪನ ಜಾಗದಲ್ಲಿ ನಿಂತ ಕಾರು

ಆ ಕಾರಿಗೆ ನಮ್ಮ ಮನೆ ತೆತ್ತ ಬೆಲೆ ಒಂದು ಗ್ಯಾರೇಜು, ಅಮ್ಮನ ಒಂದು ಪರೀಕ್ಷೆ, ಮತ್ತು ಅಪ್ಪನ ಬಾಯಿಂದ ಹೊರಟು ಇವತ್ತಿನವರೆಗೂ ವಾಪಸಾಗದ ಒಂದು ಮಾತು. ಡಾಲರಿನ ಲೆಕ್ಕ ಬೇರೆ. ಅದನ್ನು ಹೇಳಿದರೂ ನಿಮಗೆ ಪ್ರಯೋಜನವಿಲ್ಲ. ಹಳೆ ಕಾರುಗಳನ್ನು ಕೊಂಡು ಮಾರುವುದು ನನ್ನ ಕಸುಬು. ತುಕ್ಕು ತಿಂದ ಒಂದು ಯೂಟ್ ಪಿಕಪ್ ಗಾಡಿಯಿಂದ ಶುರುಮಾಡಿ, ಯಾರ ಹಂಗೂ ಇಲ್ಲದೆ ಅಡಿಲೇಡಿನಲ್ಲಿ ಸ್ವಂತ ಯಾರ್ಡ್ ಮಾಡಿಕೊಂಡವಳು ನಾನು. ಹಾಗಾಗಿ ಬೆಲೆಯ ವಿಷಯದಲ್ಲಿ ನನ್ನ ಮಾತನ್ನು ನೀವು ನಂಬಬಹುದು. ಮನೆಗೆ ಬಂದ ವಸ್ತುವಿನ ಬೆಲೆ ಅದಕ್ಕೆ ಕೊಟ್ಟ ದುಡ್ಡಿನಲ್ಲಿ ಮುಗಿಯುವುದಿಲ್ಲ. ಅದು ಬಂದು ಕೂತ ಜಾಗದಿಂದ ಯಾರು ಎದ್ದುಹೋದರು ಎಂದು ಕೇಳಬೇಕು. ನಮ್ಮ ಮನೆಯಲ್ಲಿ ಎದ್ದುಹೋದವಳು ಅಮ್ಮ. ಯಾಕೆಂದರೆ ಅಪ್ಪನಿಗೆ ನೂರು ವರ್ಷದಷ್ಟು ಹಳೆಯ ಅಮೆರಿಕನ್ ಸ್ಪೋರ್ಟ್ಸ್ ಕಾರೊಂದರ ಮೇಲೆ ಮನಸ್ಸಾಗಿತ್ತು.

ಮನೆ ಇದ್ದದ್ದು ಬ್ರಿಸ್ಬೇನಿನ ಫಾರೆಸ್ಟ್ ಲೇಕ್‌ನಲ್ಲಿ. ಅದಕ್ಕೆ ಮುಂಚೆ ಪರ್ತ್‌ನ ಒಂದು ಬಾಡಿಗೆ ಯೂನಿಟ್ಟಿನಲ್ಲಿ, ಸಿಂಕಿನ ಪಕ್ಕದಲ್ಲೇ ದೇವರನ್ನಿಟ್ಟುಕೊಂಡು ಇದ್ದೆವು. ಅಪ್ಪನಿಗೆ ಫೋರ್ಟಿಟ್ಯೂಡ್ ವ್ಯಾಲಿಯ ಕಂಪನಿಯೊಂದರಲ್ಲಿ ಕೆಲಸ ಸಿಕ್ಕ ಮೇಲೆ ಈ ಇಟ್ಟಿಗೆ ಮನೆ ಬಂತು. ಅಡಿಗೆಮನೆಯಿಂದ ಒಂದು ಬಾಗಿಲು ತೆಗೆದರೆ ಗ್ಯಾರೇಜು. ಮನೆ ನೋಡಲು ಹೋದ ದಿನ ಅಮ್ಮ ಬೆಡ್‌ರೂಮುಗಳನ್ನು ಕಣ್ಣೆತ್ತಿಯೂ ನೋಡಲಿಲ್ಲ. ನೇರ ಗ್ಯಾರೇಜಿಗೆ ಹೋಗಿ, ಗೋಡೆಯ ಪ್ಲಗ್ ಪಾಯಿಂಟುಗಳನ್ನು ನೋಡಿ, ಇದೇ ಸಾಕು ಎಂದಳು. ಮೈಸೂರಿನಲ್ಲಿ ಅಮ್ಮ ಡೆಂಟಿಸ್ಟ್. ಸರಸ್ವತಿಪುರದಲ್ಲಿ ಸ್ವಂತ ಕ್ಲಿನಿಕ್ ಇಟ್ಟು, ಮೂರು ಬೀದಿಯ ಜನರ ಹಲ್ಲು ನೋಡಿದವಳು. ಈ ದೇಶದಲ್ಲಿ ಆ ಕೈ ನಡೆಯಬೇಕಾದರೆ ಮತ್ತೆ ಪರೀಕ್ಷೆ ಕಟ್ಟಬೇಕು. ಬರೆಯುವ ಪರೀಕ್ಷೆ ಪರ್ತ್‌ನಲ್ಲಿದ್ದಾಗಲೇ ಪಾಸಾಗಿತ್ತು. ಉಳಿದದ್ದು ಕೈಕೆಲಸದ್ದು: ರಬ್ಬರ್ ಕೆನ್ನೆಯ ಒಂದು ಗೊಂಬೆತಲೆಯ ಬಾಯೊಳಗೆ ಪ್ಲಾಸ್ಟಿಕ್ ಹಲ್ಲುಗಳನ್ನು ಕೂರಿಸಿ, ನಿಜವಾದ ರೋಗಿಯೆಂದೇ ತಿಳಿದು ಕೊರೆಯಬೇಕು, ತುಂಬಬೇಕು, ಕ್ಯಾಪಿಗೆ ಹದಮಾಡಬೇಕು. ಆ ಬೋಳುತಲೆಗೆ ನಾವಿಟ್ಟ ಹೆಸರು ಬೋಡಪ್ಪ. ಗ್ಯಾರೇಜಿನ ಗೋಡೆಗೆ ಒಂದು ಗಟ್ಟಿ ಬೆಂಚು, ಬೆಂಚಿನ ಅಂಚಿಗೆ ಕಚ್ಚಿಕೊಂಡ ಬೋಡಪ್ಪ, ಕೆಳಗೆ ಗುಡುಗುಟ್ಟುವ ಪುಟ್ಟ ಕಂಪ್ರೆಸರ್. ಶಾಲೆಯಿಂದ ಬಂದು ನಾನು ಅಲ್ಲೇ ಒಂದು ಬಕೆಟ್ ಬೋರಲು ಹಾಕಿಕೊಂಡು ಹೋಂವರ್ಕ್ ಮಾಡುತ್ತಿದ್ದೆ. ಅಮ್ಮ ಮಾಸ್ಕ್ ಸರಿಸಿ ಆಗಾಗ ಒಂದು ಹಲ್ಲನ್ನು ನನ್ನ ಅಂಗೈಯಲ್ಲಿಟ್ಟು, ಕೂದಲೆಳೆಯಷ್ಟು ಜಾಸ್ತಿ ಕೊರೆದರೂ ಫೇಲು ಕಣೇ ಅನು, ಎನ್ನುತ್ತಿದ್ದಳು. ಅಷ್ಟು ಹೊತ್ತು ಅವಳ ಮುಖದಲ್ಲಿ ಮೈಸೂರಿನ ಕಳೆ ಇರುತ್ತಿತ್ತು. ಅಡಿಗೆಮನೆಗೆ ದಾಟಿದರೆ ಹೋಗಿಬಿಡುತ್ತಿತ್ತು.

ಅಪ್ಪನ ಹುಚ್ಚಿನ ಬಗ್ಗೆ ನ್ಯಾಯವಾಗಿಯೇ ಹೇಳುತ್ತೇನೆ, ಸಿಟ್ಟಿದ್ದರೂ. ಪರ್ತ್‌ನಲ್ಲಿದ್ದಾಗ ಹಳೆ ಕಾರಿನ ಭಕ್ತರ ಗುಂಪೊಂದು ಅವರಿಗೆ ಗಂಟುಬಿದ್ದಿತ್ತು. ಆ ಗುಂಪಿನವರೊಬ್ಬರು ಊರಾಚೆಯ ಗೋಧಿ ಹೊಲದ ಒಂದು ತಗಡಿನ ಶೆಡ್ಡಿಗೆ ಕರೆದುಕೊಂಡು ಹೋಗಿ, ಹುಲ್ಲು ಹೊರೆಗಳ ಹಿಂದೆ ನಿಂತಿದ್ದ ಈ ಗಾಡಿಯನ್ನು ತೋರಿಸಿದರಂತೆ. ಸೈಕಲ್ಲಿನಲ್ಲೇ ಜೀವ ಸವೆಸಿದ ಗುಮಾಸ್ತರ ಮಗ ನಮ್ಮಪ್ಪ. ಆ ದಿನ ಮನೆಗೆ ಬಂದು ಊಟ ಬಿಟ್ಟರು. ಗಾಡಿಗೆ ಬಾಗಿಲಿಲ್ಲ, ಚಾವಣಿಯಿಲ್ಲ. ಮುಂದಿನ ಗಾಜು ಎಂದರೆ ಡ್ರೈವರ್ ಎದುರಿಗೆ ಒಂಟಿ ಕನ್ನಡಕದ ಹಾಗೆ ನಿಂತ ಒಂದು ದುಂಡು ಬಿಲ್ಲೆ, ಅಷ್ಟೇ. ಎರಡು ಬೋಗುಣಿ ಸೀಟು, ಬೆನ್ನಿಗೆ ಉರುಳೆಯಂಥ ಪೆಟ್ರೋಲ್ ಟ್ಯಾಂಕು, ಮರದ ಕಡ್ಡಿಯ ಚಕ್ರ, ಬ್ರೇಕು ಗೇರುಗಳ ಸನ್ನೆಗೋಲು ಮೈಯಿಂದ ಹೊರಗೆ. ಮುಂದೆ ಪೂರ್ಣಕುಂಭದಷ್ಟು ದಪ್ಪದ ಎರಡು ಹಿತ್ತಾಳೆ ದೀಪ. ಮಳೆ ಗಾಳಿಗೆ ಅಡ್ಡವೆಂಬುದೇ ಇಲ್ಲದ, ಓಡುವುದಕ್ಕೆ ಬೇಕಾದ್ದನ್ನು ಬಿಟ್ಟು ಇನ್ನೇನೂ ಇಲ್ಲದ ಗಾಡಿ. ಅಮೆರಿಕದ್ದಾದರೂ ಸ್ಟಿಯರಿಂಗ್ ಬಲಗಡೆಗಿತ್ತು; ಆ ಕಾಲದಲ್ಲಿ ಅಲ್ಲೂ ಕೆಲವರು ಹಾಗೇ ಮಾಡುತ್ತಿದ್ದರಂತೆ. ಇದು ನಮಗೋಸ್ಕರವೇ ಮಾಡಿದ್ದು ಎಂದು ಅಪ್ಪ ಎಷ್ಟು ಜನರ ಮುಂದೆ ಹೇಳಿದರೋ. ನನ್ನ ಕಸುಬಿನ ಕಣ್ಣಿನಿಂದ ನೋಡಿದರೂ ಅದು ಚೆಂದದ ಗಾಡಿ. ಚೆಂದದ್ದನ್ನು ಕಂಡು ಮರುಳಾಗುವುದು ತಪ್ಪಲ್ಲ. ಮನೆಯವರನ್ನು ಕೇಳದೆ ಅದನ್ನು ಲಾರಿಗೆ ಹೇರಿಸಿ, ದೇಶದ ಆ ಕೊನೆಯಿಂದ ಈ ಕೊನೆಗೆ ತರಿಸುವುದು ತಪ್ಪು. ಲಾರಿ ಬಾಗಿಲಿಗೆ ಬಂದ ದಿನವೇ ಅಮ್ಮನಿಗೆ ಗೊತ್ತಾದದ್ದು.

“ರೀ, ಬೋಡಪ್ಪನ್ನ ಎಲ್ಲಿಗೆ ಕಳಿಸ್ತೀರಿ?”

“ಲಾಂಡ್ರಿಗೆ. ಸ್ವಲ್ಪ ದಿನ ಅಷ್ಟೇ ಕಣೇ. ಹಿಂದ್ಗಡೆ ಒಂದು ಶೆಡ್ ಹಾಕಿಸ್ತೀನಿ.”

“ವಾಷಿಂಗ್ ಮೆಷೀನ್ ಪಕ್ಕ ಕೂತ್ಕೊಂಡು ಹಲ್ಲು ಕೊರೀಲಾ?”

“ಆ ಗಾಡೀನ ಹೊರಗೆ ನಿಲ್ಸಕ್ಕಾಗಲ್ಲ ಶೈಲಾ, ಹಾಳಾಗತ್ತೆ. ನೀನಾದ್ರೆ ಎಲ್ಲಿ ಬೇಕಾದ್ರೂ ಅಡ್ಜಸ್ಟ್ ಮಾಡ್ಕೋತೀಯ.”

ಈ ಅಡ್ಜಸ್ಟ್ ಎಂಬ ಪದವನ್ನು ಕೇಳಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ನನ್ನ ಯಾರ್ಡಿನಲ್ಲಿ ಗಿರಾಕಿಗಳು ಬೆಲೆಯ ಮಾತಿನಲ್ಲಿ ಅದನ್ನು ಬಳಸಿದರೆ ವ್ಯಾಪಾರವನ್ನೇ ನಿಲ್ಲಿಸುತ್ತೇನೆ. ಹೊಗಳಿದಂತೆ ಹೊಗಳಿ ಜಾಗ ಕಿತ್ತುಕೊಳ್ಳುವ ಮಾತು ಅದು. ಬೆಂಚು ಬಟ್ಟೆ ಒಗೆಯುವ ಆ ಲಾಂಡ್ರಿ ಕೋಣೆಯ ಬಾಗಿಲಲ್ಲಿ ಹಿಡಿಸಲಿಲ್ಲ, ಹಿತ್ತಲಿನ ಬೇಲಿಗೆ ಒರಗಿಸಿಟ್ಟರು. ಬೋಡಪ್ಪನನ್ನು ಇಸ್ತ್ರಿ ಮೇಜಿಗೆ ಕಚ್ಚಿಸಿದರು. ಮೇಜು ಅಲ್ಲಾಡುತ್ತಿತ್ತು. ಮೆಷೀನ್ ತಿರುಗುವಾಗ ನೆಲವೇ ನಡುಗಿ ಡ್ರಿಲ್ಲು ಜಾರುತ್ತಿತ್ತು. ಅಮ್ಮ ಕೈ ಮೇಲೆತ್ತಿ ಹಿಡಿದು, ಬಟ್ಟೆ ಒಗೆದು ಮುಗಿಯುವವರೆಗೂ ಸುಮ್ಮನೆ ಕೂತಿರುತ್ತಿದ್ದಳು. ಶೆಡ್ಡಿನ ಮಾತು ಪ್ರತಿ ಹಬ್ಬಕ್ಕೂ ಬರುತ್ತಿತ್ತು, ಶೆಡ್ಡು ಬರಲಿಲ್ಲ.

ಭಾನುವಾರದ ಮಧ್ಯಾಹ್ನಗಳಲ್ಲಿ ಭಕ್ತಮಂಡಳಿ ಸೇರುತ್ತಿತ್ತು. ಮುಖ್ಯ ಇಬ್ಬರು: ಬ್ರಿಸ್ಬೇನಿನ ಹಳೆ ಕಾರು ಕ್ಲಬ್ಬಿನ ಹಿರಿಯ ಗ್ರೇಮ್, ಮತ್ತೆ ನಮ್ಮ ಮೈಸೂರಿನವರೇ ಆದ ಅರಿವಳಿಕೆ ಡಾಕ್ಟರ್ ಸತೀಶ್ ಅಂಕಲ್. ಅವರ ಬೆನ್ನಿಗೆ ವಾರಕ್ಕೊಬ್ಬ ಹೊಸಬ. ಬಂದವರೆಲ್ಲ ಕೈಗಳನ್ನು ಹಿಂದೆ ಕಟ್ಟಿಕೊಂಡು, ಗರ್ಭಗುಡಿಯ ಮುಂದೆ ನಿಂತವರ ಹಾಗೆ ನಿಲ್ಲುತ್ತಿದ್ದರು, ಪ್ರದಕ್ಷಿಣೆ ಬರುತ್ತಿದ್ದರು, ಬಗ್ಗಿ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಟ್ಟುಸಿರು ಬಿಡುತ್ತಿದ್ದರು. ಅಪ್ಪ ಮುಂದಿನ ಹಿಡಿಕೆಯನ್ನು ತಿರುಗಿಸಿ ಇಂಜಿನ್ ಎಬ್ಬಿಸಿದರೆ ಎಲ್ಲರೂ ಕಣ್ಣು ಮುಚ್ಚಿಕೊಳ್ಳುವರು. ಒಬ್ಬರಾದರೂ ಲಾಂಡ್ರಿಯಿಂದ ಬರುತ್ತಿದ್ದ ಡ್ರಿಲ್ಲಿನ ಸದ್ದಿಗೆ ಕಿವಿಗೊಟ್ಟವರಲ್ಲ. ಅದೂ ನಿಂತುಹೋಗುತ್ತಿತ್ತು, ಯಾಕೆಂದರೆ ಟೀ, ಉಪ್ಪಿಟ್ಟು ಆಗಬೇಕಿತ್ತು. ತಟ್ಟೆ ಹಿಡಿದು ನಾನು ಹೋಗುತ್ತಿದ್ದೆ, ಲೋಟ ಹಿಡಿದು ಅಮ್ಮ ಬರುತ್ತಿದ್ದಳು.

“ದೇವಸ್ಥಾನದಲ್ಲೂ ಇಷ್ಟೊತ್ತು ನಿಂತಿರ್ಲಿಲ್ಲ ನೀವುಗಳು,” ಎಂದಳು ಒಮ್ಮೆ.

“ಅಲ್ಲಿ ಪೂಜಾರಿ ಓಡಿಸ್ತಾನೆ ಅತ್ತಿಗೆ,” ಎಂದರು ಸತೀಶ್ ಅಂಕಲ್. “ಇಲ್ಲಿ ಪೂಜಾರೀನೇ ಹೋಗಕ್ಕೆ ಬಿಡಲ್ಲ ಅಂತಾನೆ.”

ಎಲ್ಲರೂ ನಕ್ಕರು, ಅಮ್ಮನೂ ನಕ್ಕಳು. ನಾನು ನಗಲಿಲ್ಲ. ಆ ಕಾರಿನ ದೊಡ್ಡಸ್ತಿಕೆ ಏನೆಂದು ಗ್ರೇಮ್ ನನಗೊಮ್ಮೆ ಬಿಡಿಸಿ ಹೇಳಿದ್ದರು. ಇಂಥ ಗಾಡಿಗಳಲ್ಲಿ ಉಳಿದಿರುವುದೇ ಕೆಲವು; ಅವನ್ನೂ ಬಣ್ಣ ಬಳಿದು, ಪಾಲಿಶ್ ಹಾಕಿ ಹೊಸದು ಮಾಡಿಬಿಟ್ಟಿದ್ದಾರೆ. ಇದನ್ನು ಮಾತ್ರ ಯಾರೂ ಮುಟ್ಟಿಲ್ಲ. ಸೀಳಿದ ಚರ್ಮ, ಮಾಸಿದ ಬಣ್ಣ, ಕಪ್ಪಾದ ಹಿತ್ತಾಳೆ ಎಲ್ಲವೂ ಕಾಲ ತಾನೇ ಕೊಟ್ಟದ್ದು. ಹೊಸದು ಮಾಡುವುದು ಯಾವಾಗಲೂ ಆಗುತ್ತದೆ, ಹಳೆಯದಾಗಿ ಉಳಿಯುವುದು ಒಂದೇ ಸಲ. ಮಾತು ಚೆನ್ನಾಗಿದೆ, ಈಗ ನಾನೇ ಗಿರಾಕಿಗಳಿಗೆ ಹೇಳುತ್ತೇನೆ. ಆದರೆ ಇದನ್ನು ಗ್ರೇಮ್ ನನಗೆ ಹೇಳಿದರು, ಅಪ್ಪನಿಗೆ ಹೇಳಿದರು. ಟೀ ಕೊಡಲು ಬಂದ ಅಮ್ಮನಿಗೆ ಯಾರೂ ಹೇಳಲಿಲ್ಲ.

ಆ ವರ್ಷ ಅಮ್ಮ ಕೈಕೆಲಸದ ಪರೀಕ್ಷೆಯಲ್ಲಿ ಫೇಲಾದಳು. ಅಲ್ಲಿ ಗೊಂಬೆತಲೆ ಕದಲದಂತೆ ಗಟ್ಟಿಯಾಗಿ ಕೂತಿತ್ತಂತೆ. ಅಲ್ಲಾಡುವ ತಲೆಗೆ ಒಗ್ಗಿಹೋಗಿದ್ದ ಕೈ ಅಲ್ಲಿ ಅಳತೆ ತಪ್ಪಿತು. ಅಪ್ಪ ಮುಂದಿನ ಸಲ ಆಗತ್ತೆ ಬಿಡು ಎಂದು, ಹೋಗಿ ಕಾರಿನ ಚಕ್ರಕ್ಕೆ ಎಣ್ಣೆ ಒರೆಸಿದರು.

ಕೆಲವು ತಿಂಗಳಾದ ಮೇಲೆ ಆಯುಧ ಪೂಜೆ ಬಂತು. ರಸ್ತೆಯುದ್ದಕ್ಕೂ ಜಕರಂಡ ಹೂಬಿಟ್ಟಿತ್ತು, ಶಾಲೆಗೆ ರಜ. ಮಧ್ಯಾಹ್ನ ಅಪ್ಪ ವ್ಯಾಲಿಯ ಆಫೀಸಿನಿಂದ ಬೇಗ ಬರುವವರಿದ್ದರು, ಗ್ರೇಮ್ ಮತ್ತು ಸತೀಶ್ ಅಂಕಲ್ ಜೊತೆಗೆ. ಯಾರೂ ಮುಟ್ಟದ ಗಾಡಿಗಳ ಪ್ರದರ್ಶನವೊಂದಕ್ಕೆ ನಮ್ಮದನ್ನು ಆರಿಸುವ ಮೊದಲು ಗ್ರೇಮ್ ಕೊನೆಯದಾಗಿ ಒಮ್ಮೆ ನೋಡಬೇಕಿತ್ತು. ಅಮ್ಮ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಮನೆಯ ಆಯುಧಗಳನ್ನೆಲ್ಲ ತೊಳೆದಿಟ್ಟಳು: ಈಳಿಗೆಮಣೆ, ಮಿಕ್ಸಿ, ತನ್ನ ಡ್ರಿಲ್ಲು. ಅರಿಶಿನ ಕುಂಕುಮದ ತಟ್ಟೆ ಹಿಡಿದು ಗ್ಯಾರೇಜಿಗೆ ಬಂದವಳು ಕಾರಿನ ದೀಪಗಳನ್ನು ನೋಡಿ ನಿಂತುಬಿಟ್ಟಳು. ಹಬ್ಬದ ದಿನ ಮನೆಯಲ್ಲಿ ಕಪ್ಪು ಹಿಡಿದ ಹಿತ್ತಾಳೆ! ಅವಳ ಅತ್ತೆ ಇದ್ದಿದ್ದರೆ ಏನನ್ನುತ್ತಿದ್ದರು? ಇದು ನಮ್ಮ ಹೆಂಗಸರು ಮಾತ್ರ ಮಾಡಬಹುದಾದ ತಪ್ಪು. ಅದನ್ನು ತಪ್ಪೆನ್ನಲು ನನಗೆ ಇಷ್ಟವೂ ಇಲ್ಲ. ಹುಣಸೆಹಣ್ಣು ನೆನೆಹಾಕಿ, ಉಪ್ಪು ಬೆರೆಸಿ, ದೀಪ, ಹಾರನ್ನು, ರೇಡಿಯೇಟರಿನ ಚೌಕಟ್ಟು ಎಲ್ಲವನ್ನೂ ಉಜ್ಜಿದಳು. ಸಂದಿಗಳಿಗೆ ಟೂತ್‌ಬ್ರಶ್ ಹಾಕಿದಳು. ಹಲ್ಲುಜ್ಜುವುದನ್ನು ಮಕ್ಕಳಿಗೆ ಕಲಿಸಿದ ಕೈ ಅದು, ಒಂದು ಗೀರನ್ನೂ ಬಿಡಲಿಲ್ಲ. ನಾನು ನೀರು ತಂದುಕೊಟ್ಟೆ. ಉಜ್ಜುತ್ತಾ ಉಜ್ಜುತ್ತಾ ಅವಳ ಮುಖದಲ್ಲಿ ಆ ಹಳೆಯ ಕಳೆ ಬಂದಿತ್ತು. ಎಷ್ಟೋ ದಿನಗಳ ಮೇಲೆ ಅವಳು ಗ್ಯಾರೇಜಿನಲ್ಲಿ ನಿಂತು ಕೆಲಸ ಮಾಡುತ್ತಿದ್ದಳು. ಮುಗಿದಾಗ ಹಿತ್ತಾಳೆ ಬಂಗಾರದ ಹಾಗಿತ್ತು. ಕುಂಕುಮ ಇಟ್ಟು, ಚೆಂಡುಹೂವು ಏರಿಸಿ, ಚಕ್ರಗಳ ಕೆಳಗೆ ಒಂದೊಂದು ನಿಂಬೆಹಣ್ಣು ಇಟ್ಟು, ಅವರು ಬರಲಿ ಎಂದು ಕೂತಳು. ಅಪ್ಪನಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದಳು. ಇದನ್ನು ಮರೆಯಬೇಡಿ.

ಗ್ಯಾರೇಜಿನ ಬಾಗಿಲು ಮೇಲೇರಿತು. ಬಿಸಿಲು ದೀಪಗಳ ಮೇಲೆ ಬಿದ್ದು ಮೂವರ ಮುಖಕ್ಕೂ ಹೊಡೆಯಿತು. ಗ್ರೇಮ್ “ಓ, ಮೇಟ್” ಎಂದಷ್ಟೇ ಹೇಳಿ ತಲೆಯ ಮೇಲೆ ಕೈಯಿಟ್ಟುಕೊಂಡರು. ಸತೀಶ್ ಅಂಕಲ್ ನೆಲ ನೋಡಿದರು. ಅಪ್ಪ ಒಂದು ದೀಪದ ಮೇಲೆ ಬೆರಳಾಡಿಸಿ ಮೂಸಿದರು.

“ಏನ್ ಹಾಕಿದೆ ಇದಕ್ಕೆ?”

“ಹುಣಸೆಹಣ್ಣು. ಯಾಕ್ರೀ?”

“ನೂರು ವರ್ಷ ಯಾರೂ ಮುಟ್ಟಿರ್ಲಿಲ್ಲ ಇದನ್ನ. ನೂರು ವರ್ಷ. ಒಂದು ಬೆಳಿಗ್ಗೇಲಿ ಉಜ್ಜಿ ಹಾಕ್ಬಿಟ್ಟೆ.” ಅಪ್ಪನ ದನಿ ಏರಲಿಲ್ಲ, ತಣ್ಣಗಿತ್ತು. “ಆ ಪರೀಕ್ಷೆಯವರು ಸುಮ್ಸುಮ್ನೆ ಫೇಲ್ ಮಾಡಿಲ್ಲ ಕಣೇ ನಿನ್ನ. ಈ ಕೈಗೆ ಯಾರ ಬಾಯಿ ಕೊಡ್ತಾರೆ?”

ಸತೀಶ್ ಅಂಕಲ್ ಡಾಕ್ಟರು, ಅಮ್ಮನ ಓರಗೆಯವರು, ಕೈಕೆಲಸ ಎಂದರೇನೆಂದು ಬಲ್ಲವರು. ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಗ್ರೇಮ್‌ಗೆ ಕನ್ನಡ ಬರುತ್ತಿರಲಿಲ್ಲ, ಅವರು ಹಿತ್ತಾಳೆಗಾಗಿ ದುಃಖಪಡುತ್ತಿದ್ದರು. ಅಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋಗಿ ಮೂವರಿಗೂ ಊಟ ಬಡಿಸಿದಳು. ಪಾಯಸ ಎರಡನೆಯ ಸಲ ಬೇಕಾ ಎಂದೂ ಕೇಳಿದಳು. ಆ ವಯಸ್ಸಿನಲ್ಲಿ ನಾನು ಮನೆಯಲ್ಲಿ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದೆ. ಆ ಮಾತಿಗೆ ಕೊಡಬೇಕಾದ ಉತ್ತರ ಮಾತ್ರ ನನಗೆ ಕನ್ನಡದಲ್ಲೇ ಬೇಕೆನಿಸಿತು, ಮತ್ತು ನನ್ನ ಹತ್ತಿರ ಅಷ್ಟು ಕನ್ನಡ ಇರಲಿಲ್ಲ. ಇದನ್ನೆಲ್ಲ ಇವತ್ತು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಆ ಮಧ್ಯಾಹ್ನವೇ ಕಾರಣ.

ಮರುದಿನ ಅಪ್ಪ ಟ್ರೈನು ಹಿಡಿಯಲು ಹೋದ ಕೂಡಲೇ ಅಮ್ಮ ಸೀರೆ ಎತ್ತಿ ಕಟ್ಟಿದಳು. ನಿಂಬೆಹಣ್ಣುಗಳನ್ನು ತೆಗೆದಳು, ಹೊರಗಿನ ಸನ್ನೆಗೋಲನ್ನು ಎಳೆದು ಬ್ರೇಕ್ ಬಿಟ್ಟಳು, ಗೇರು ಸಡಿಲಿಸಿದಳು. ಅವಳಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಭಾನುವಾರಗಳಂದು ಲೋಟ ಹಿಡಿದು ನಿಂತವರಿಗೆ ಎಲ್ಲ ಕಾಣಿಸುತ್ತಿರುತ್ತದೆ, ಅಷ್ಟೇ.

“ತಳ್ಳು ಅನು. ವಿಜಯದಶಮಿ, ಒಳ್ಳೇ ದಿನ.”

ಇಬ್ಬರೂ ತಳ್ಳಿದೆವು. ಮರದ ಚಕ್ರಗಳು ಮುಲುಗಿದವು, ಆಮೇಲೆ ಹೆಣ್ಣು ಮನೆ ಬಿಡುವ ಹಾಗೆ ನಿಧಾನವಾಗಿ ಹೊರಟವು. ಮನೆಯ ಪಕ್ಕದ ಕಾರ್‌ಪೋರ್ಟಿನಲ್ಲಿ ನಿಲ್ಲಿಸಿ, ಚಕ್ರಗಳಿಗೆ ಇಟ್ಟಿಗೆ ಕೊಟ್ಟು, ಊರಿಂದ ತಂದ ಹಳೆ ಜಮಖಾನ ಹೊದಿಸಿದೆವು. ಮೇಲೆ ಸೂರಿತ್ತು, ಗೋಡೆ ಇರಲಿಲ್ಲ. ಬೇಲಿಗೆ ಒರಗಿದ್ದ ಬೆಂಚನ್ನು ತೊಳೆದು ಒಳಗೆ ತಂದೆವು. ಸಂಜೆ ಅಪ್ಪ ಬಂದಾಗ ಗ್ಯಾರೇಜಿನೊಳಗಿಂದ ಡ್ರಿಲ್ಲಿನ ಸದ್ದು ಬೀದಿಯವರೆಗೆ ಕೇಳುತ್ತಿತ್ತು. ಅವರು ಕಾರ್‌ಪೋರ್ಟ್ ನೋಡಿದರು, ಗ್ಯಾರೇಜ್ ನೋಡಿದರು, ಬಾಯಿ ತೆರೆದರು. ಅಮ್ಮ ಮಾಸ್ಕ್ ಕೆಳಗಿಳಿಸಿದಳು.

“ತೇವದ ಗಾಳಿ ಹೊಡೀತಾ ಇರತ್ತಲ್ಲ ಅಲ್ಲಿ, ನಿಮಗೆ ಬೇಕಾದ ಕಪ್ಪು ತಾನಾಗೇ ಬರತ್ತೆ. ಹಿತ್ತಾಳೆ ಮತ್ತೆ ಕಪ್ಪಾಗತ್ತೆ ರೀ. ನನಗೆ ಈ ಪರೀಕ್ಷೆ ಮತ್ತೆ ಮತ್ತೆ ಬರಲ್ಲ.”

ಮಾಸ್ಕ್ ಮೇಲೇರಿತು. ಕಾರು ಮತ್ತೆಂದೂ ಒಳಗೆ ಬರಲಿಲ್ಲ. ಭಾನುವಾರದ ಭಕ್ತರು ಕಾರ್‌ಪೋರ್ಟಿನಲ್ಲಿ ನಿಂತರು. ಟೀ ಬೇಕಾದರೆ ಅಪ್ಪನೇ ಮಾಡಿದರು. ಮುಂದಿನ ಪರೀಕ್ಷೆಯಲ್ಲಿ ಅಮ್ಮ ಪಾಸಾದಳು. ಅವಳಿಗೆ ಅಡಿಲೇಡಿನಲ್ಲಿ ಕೆಲಸ ಸಿಕ್ಕಿತು, ಅವಳ ಕೆಲಸದ ಹಿಂದೆ ಇಡೀ ಮನೆ, ಕಾರಿನ ಸಮೇತ, ಅಲ್ಲಿನ ಬೆಡ್‌ಫರ್ಡ್ ಪಾರ್ಕಿನ ಹತ್ತಿರಕ್ಕೆ ಬಂತು. ಅಪ್ಪ ತಮ್ಮ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಅಮ್ಮ ಕೇಳಲಿಲ್ಲ.

ಹೋದ ವರ್ಷ ಅಪ್ಪನಿಗೆ ಆ ಹಿಡಿಕೆ ತಿರುಗಿಸಲು ಭುಜ ಬಾರದಾಯಿತು. ಮಾರಿಕೊಡು ಎಂದು ನನ್ನನ್ನೇ ಕೇಳಿದರು. ಪರ್ತ್‌ನಿಂದ ಇಮ್ರಾನ್ ಎಂಬ ಯುವ ಡಾಕ್ಟರ್ ವಿಮಾನ ಹತ್ತಿ ಬಂದ. ಅವನೂ ಮೈಸೂರಿನವನು, ಅವನೂ ಭಕ್ತ. ಕೈ ಹಿಂದೆ ಕಟ್ಟಿಕೊಂಡು ಪ್ರದಕ್ಷಿಣೆ ಬಂದ. ಇಪ್ಪತ್ತು ಚಿಲ್ಲರೆ ವರ್ಷದ ಗಾಳಿಗೆ ದೀಪಗಳು ಮೊದಲಿಗಿಂತ ಕಪ್ಪಾಗಿದ್ದವು. ಅವನು ಅವುಗಳ ಮುಂದೆ ಮಂಡಿಯೂರಿದ.

“ಅಂಕಲ್, ಈ ಹಿತ್ತಾಳೆ... ಇದನ್ನ ಯಾರೂ ಮುಟ್ಟೇ ಇಲ್ಲ ಅಲ್ವಾ?”

ಅಮ್ಮ ಕಾಫಿ ಹಿಡಿದು ಬಾಗಿಲಿಗೆ ಬಂದಿದ್ದಳು. ಅಪ್ಪ ಅವಳನ್ನು ನೋಡಿದರು. ನೋಡಿಯೇ ಹೇಳಿದರು:

“ಯಾರೂ ಮುಟ್ಟಿಲ್ಲಪ್ಪ. ಹಾಗೇ ಇದೆ.”

ವ್ಯಾಪಾರಕ್ಕೆ ಸುಮ್ಮನಿರುವುದು ನನಗೆ ಗೊತ್ತು. ಅದನ್ನೇ ತಿಂದು ಬದುಕಿದ್ದೇನೆ. ಆದರೆ ಅವತ್ತು ಮುಟ್ಟಿದ್ದಕ್ಕೆ ಆ ಕೈಯನ್ನು ಹೀನಾಯ ಮಾಡಿದವರು, ಇವತ್ತು ಆ ಕೈ ಮುಟ್ಟಿಯೇ ಇಲ್ಲ ಎನ್ನುತ್ತಿದ್ದರು.

“ಮುಟ್ಟಿದಾರೆ,” ಎಂದೆ. “ಅಲ್ಲಿ ನಿಂತಿದಾರಲ್ಲ, ನಮ್ಮಮ್ಮ. ಹುಣಸೆಹಣ್ಣು ಹಾಕಿ ಉಜ್ಜಿದಾರೆ. ದೀಪದ ಹಿಂದೆ ಸಂದೀಲಿ ನೋಡಿ, ಇನ್ನೂ ಕೆಂಪಗಿದೆ.”

ಇಮ್ರಾನ್ ಟಾರ್ಚ್ ಹಾಕಿ ನೋಡಿದ. ಅಪ್ಪ ನನ್ನ ಕಡೆ ತಿರುಗಿ, ಮಾರಕ್ಕೆ ಕರೆದ್ರೆ ಮಾನ ತೆಗೀತೀಯಲ್ಲೇ, ಎಂದರು. ಹುಡುಗ ಮುಜುಗರದಿಂದ ಎದ್ದು, ಆಂಟಿ, ಅಷ್ಟು ಸಣ್ಣ ಸಂದಿಗೆ ಹೇಗೆ ಕೈ ಹೋಯ್ತು ನಿಮಗೆ, ಎಂದು ಕೇಳಿದ. ಅಮ್ಮ ಕಾಫಿಯನ್ನು ಅವನ ಕೈಗೆ ಕೊಟ್ಟಳು.

“ನಾನು ಡೆಂಟಿಸ್ಟಪ್ಪ,” ಎಂದಳು. ಆಮೇಲೆ, ಅವನನ್ನು ಬಿಟ್ಟು ಅಪ್ಪನನ್ನು ನೋಡಿ: “ಈ ಕೈಗೆ ತುಂಬಾ ಜನ ಬಾಯಿ ಕೊಟ್ಟಿದಾರೆ.”

ಅಪ್ಪ ಕುರ್ಚಿ ಹುಡುಕಿಕೊಂಡು ಕೂತರು. ಆ ಮಾತು ಅವಳಿಗೆ ಅಕ್ಷರಕ್ಕಕ್ಷರ ನೆನಪಿದೆಯೆಂದು ಅವರಿಗೆ ಗೊತ್ತಾದದ್ದು ಅವತ್ತೇ ಇರಬೇಕು. ಕ್ಷಮೆ ಕೇಳಿದರೆಂದು ಬರೆಯಲು ನನಗೂ ಆಸೆ. ಕೇಳಲಿಲ್ಲ. ಇಮ್ರಾನ್ ಬೆಲೆ ಇಳಿಸಿದ, ನಾನು ಒಪ್ಪಿದೆ. ನನ್ನ ಕಸುಬಿನಲ್ಲಿ ತಕರಾರಿಲ್ಲದೆ ಬಿಟ್ಟುಕೊಟ್ಟ ರಿಯಾಯಿತಿ ಅದೊಂದೇ.

ಈಗ ನಿಮಗೆ ನಾಲ್ಕು ಮಾತು. ಹಳೆ ಗಾಡಿ ಕೊಳ್ಳಲು ಹೋದಾಗ ಹೊಳಪನ್ನೂ ನಂಬಬೇಡಿ, ಕಪ್ಪನ್ನೂ ನಂಬಬೇಡಿ. ಟಾರ್ಚ್ ಒಯ್ಯಿರಿ, ದೀಪದ ಹಿಂದಿನ ಸಂದಿ ನೋಡಿ. ಹುಳಿ ತಾಗಿದ ಹಿತ್ತಾಳೆ ಅಲ್ಲಿ ಕೆಂಪು ಉಳಿಸಿಕೊಂಡಿರುತ್ತದೆ. ಮಾರುವವನು ಎಷ್ಟೇ ಮಾತಾಡಲಿ, ಟೀ ತಂದವರನ್ನು ಒಂದು ಪ್ರಶ್ನೆ ಕೇಳಿ, ನಿಜವಾದ ಚರಿತ್ರೆ ಅವರ ಹತ್ತಿರ ಇರುತ್ತದೆ. ಕೊಂಡ ಮೇಲೆ, ಲಾರಿಗೆ ಹೇಳುವ ಮೊದಲು, ನಿಮ್ಮ ಗ್ಯಾರೇಜಿನ ಬಾಗಿಲು ತೆಗೆದು ನೋಡಿ. ಅಲ್ಲಿ ಬೆಂಚಿದೆಯೇ, ಹೊಲಿಗೆ ಮೆಷೀನಿದೆಯೇ, ಯಾರಾದರೂ ಕೂತಿದ್ದಾರೆಯೇ? ಇದ್ದರೆ ಶೆಡ್ಡು ಮೊದಲು ಕಟ್ಟಿಸಿ, ಕಾರು ಆಮೇಲೆ ತನ್ನಿ. ಇನ್ನು, ಬೆಂಚಿನ ಮುಂದೆ ಕೂತವರು ನೀವೇ ಆಗಿದ್ದರೆ, ಬ್ರೇಕು ಬಿಡುವುದು ಹೇಗೆಂದು ಇವತ್ತೇ ನೋಡಿಟ್ಟುಕೊಳ್ಳಿ.